ರೋಶನ್ ಬೀ ಹಾಕಿದ ಷರತ್ತು

ಮೇಸ್ತ್ರಿ ಏನೇ ಕೇಳಲಿ, ರೋಶನ್ ಬೀ ಕೊಡುತ್ತಿದ್ದ ಉತ್ತರ ಒಂದೇ. "ನಂಗೇನ್ ಗೊತ್ತು ಭಾಯ್, ನಾನೇನ್ ಓದಿದೋಳಾ?"

ನೂಲು ಯಾಕೆ ಹರಿಯುತ್ತಿದೆ ಎಂದರೆ ಅದೇ ಉತ್ತರ. ನೀರು ಯಾಕೆ ಇಷ್ಟು ಬೇಗ ಕೆಡುತ್ತಿದೆ ಎಂದರೂ ಅದೇ. ಐವತ್ತೊಂದು ವರ್ಷದ ಹೆಂಗಸು. ರಾಮನಗರದ ರೇಷ್ಮೆ ಕಾರ್ಖಾನೆಗಳಲ್ಲಿ ಇಪ್ಪತ್ತೊಂಬತ್ತು ವರ್ಷ ನಿಂತು ದುಡಿದಿದ್ದಳು. ಬೆಂದ ಗೂಡನ್ನು ಎರಡು ಬೆರಳಲ್ಲಿ ಒತ್ತಿದರೆ ಸಾಕು, ಅದು ಎಷ್ಟು ಬೆಂದಿದೆ, ಹುಳು ಗೂಡು ಕಟ್ಟುವಾಗ ಮಳೆ ಹಿಡಿದಿತ್ತೋ ಬಿಸಿಲಿತ್ತೋ, ಎಲ್ಲ ಅವಳಿಗೆ ತಿಳಿಯುತ್ತಿತ್ತು. ತಿಳಿದದ್ದನ್ನು ಹೇಳುತ್ತಿರಲಿಲ್ಲ. ಹನ್ನೊಂದು ವರ್ಷದಿಂದ ಬೇಕೆಂದೇ ದಡ್ಡಿಯಾಗಿದ್ದಳು.

ಅದಕ್ಕೆ ಕಾರಣ ಹಿಂದಿನ ಕಾರ್ಖಾನೆ.

ನೂಲು ಬಿಚ್ಚುವ ಕೆಲಸ ನೋಡದವರಿಗೆ ಇಷ್ಟು ಹೇಳಬೇಕು. ಬೇಯಿಸಿದ ಗೂಡುಗಳನ್ನು ಬಿಸಿನೀರಿನ ತೊಟ್ಟಿಗೆ ಸುರಿಯುತ್ತಾರೆ. ಆ ತೊಟ್ಟಿಗೆ ಬೇಸಿನ್ ಎನ್ನುತ್ತಾರೆ. ಹುಲ್ಲಿನ ಸಣ್ಣ ಪೊರಕೆಯನ್ನು ಗೂಡುಗಳ ಮೇಲೆ ಆಡಿಸಿದರೆ ಎಳೆಯ ತುದಿ ಸಿಗುತ್ತದೆ. ಎಂಟು ಗೂಡಿನ ಎಳೆ ಸೇರಿದರೆ ಒಂದು ನೂಲು. ಒಂದು ಬೇಸಿನ್ನಿಗೆ ಅಂಥ ಹತ್ತು ನೂಲು, ಒಬ್ಬ ಹೆಂಗಸು. ಒಂದು ಗೂಡು ಮುಗಿಯುತ್ತಿದ್ದಂತೆ ಇನ್ನೊಂದರ ತುದಿಯನ್ನು ಸೇರಿಸುತ್ತಲೇ ಇರಬೇಕು. ತುದಿ ಹುಡುಕಲು ಬಗ್ಗಿದರೆ ನೂಲು ನೋಡುವವರಿಲ್ಲ, ನೂಲು ನೋಡುತ್ತ ನಿಂತರೆ ತುದಿ ಹುಡುಕುವವರಿಲ್ಲ.

ಹಿಂದಿನ ಕಾರ್ಖಾನೆಯಲ್ಲಿ ರೋಶನ್ ಬೀ ಒಂದು ಮಾತು ಹೇಳಿದಳು. ನಾಲ್ಕು ಬೇಸಿನ್ನಿಗೆ ಒಬ್ಬಳು ಬರೀ ತುದಿ ಹುಡುಕಿ ಹಂಚಲಿ, ಉಳಿದವರು ಬರೀ ನೂಲು ನೋಡಲಿ. ಮಾಲೀಕ ಮಾಡಿ ನೋಡಿದ. ಕೆಲಸ ಸಲೀಸಾಯಿತು. ಖುಷಿಯಾಗಿ ಎಲ್ಲರ ಮುಂದೆ ಅವಳಿಗೊಂದು ಹಸಿರು ಸೀರೆ ಕೊಟ್ಟು ಫೋಟೋ ತೆಗೆಸಿದ. ಅದಾದ ಸೋಮವಾರವೇ ಮೂವರು ಹೆಂಗಸರಿಗೆ ನಾಳೆಯಿಂದ ಬರಬೇಡಿ ಎಂದ. ಕೆಲಸ ಸಲೀಸಾಗಿದೆಯಲ್ಲ, ಇಷ್ಟು ಜನ ಯಾಕೆ?

ಆ ಮೂವರಲ್ಲಿ ಒಬ್ಬಳು ಕೈಲಾಂಚದ ಕಡೆಯ ಮಾಯಮ್ಮ. ರೋಶನ್ ಬೀ ಪಕ್ಕದ ಬೇಸಿನ್ನಿನವಳು. ಏಳು ವರ್ಷ ಇಬ್ಬರೂ ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕಿ ಉಂಡಿದ್ದರು. ಮಾಯಮ್ಮ ಗೇಟಿನ ಬಳಿ ನಿಂತು ಬೈಯಲಿಲ್ಲ, ಅಳಲಿಲ್ಲ.

"ನೀ ಬುದ್ವಂತೆ ಕಣಮ್ಮಿ. ನಿನ್ ಬುದ್ಧಿ ಬಂದು ನಮ್ ಹೊಟ್ಟೆ ಮೇಲೆ ಕೂತ್ಕತು, ಅಷ್ಟೆಯ" ಎಂದಳು. ಬಸ್ಸು ಹತ್ತಿ ಹೋದಳು.

ರೋಶನ್ ಬೀ ಆ ಸೀರೆ ಉಡಲಿಲ್ಲ. ತಿಂಗಳೊಳಗೆ ಆ ಕಾರ್ಖಾನೆ ಬಿಟ್ಟು ವಹಾಬ್ ಸಾಹೇಬರ ಕಾರ್ಖಾನೆ ಸೇರಿದಳು. ಹದಿನೆಂಟು ಬೇಸಿನ್, ಹದಿನೆಂಟು ಹೆಂಗಸರು, ಸಿಮೆಂಟ್ ಶೀಟಿನ ಸೂರು, ಬೆಂದ ಹುಳದ ವಾಸನೆ. ಅಲ್ಲಿ ಅವಳು ಕೈ ಆಡಿಸಿದಳೇ ಹೊರತು ಬಾಯಿ ಆಡಿಸಲಿಲ್ಲ.

ವಹಾಬನ ಮಂಡಿ ನೋವು ಹೆಚ್ಚಾದಾಗ ಕಾರ್ಖಾನೆ ನೋಡಿಕೊಳ್ಳಲು ಮಗ ಓವೈಸ್ ಬಂದ. ಇಪ್ಪತ್ತೆಂಟರ ಹುಡುಗ, ನಾಲ್ಕು ವರ್ಷ ಬಿಡದಿ ಕೈಗಾರಿಕಾ ಪ್ರದೇಶದ ಒಂದು ದೊಡ್ಡ ಕಾರ್ಖಾನೆಯಲ್ಲಿದ್ದವನು. ಅಲ್ಲಿ ಕಾರ್ಮಿಕರು ತಮಗೆ ಹೊಳೆದದ್ದನ್ನು ಚೀಟಿಯಲ್ಲಿ ಬರೆದು ಹಾಕುತ್ತಿದ್ದರು. ಒಳ್ಳೆಯದಿದ್ದರೆ ಕಂಪನಿ ಅದನ್ನು ಜಾರಿಗೆ ತಂದು ಬರೆದವರ ಫೋಟೋವನ್ನು ಬೋರ್ಡಿನಲ್ಲಿ ಹಾಕುತ್ತಿತ್ತು. ಅದನ್ನು ನೋಡಿ ಬಂದ ಓವೈಸನೂ ಒಂದು ತಗಡಿನ ಪೆಟ್ಟಿಗೆ ಮಾಡಿಸಿ, ಹಳದಿ ಬಣ್ಣ ಬಳಿದು, "ನಿಮ್ಮ ಸಲಹೆ" ಎಂದು ಬರೆಸಿ ಬಾಗಿಲ ಬಳಿ ನೇತುಹಾಕಿದ. ಅದರ ಬೀಗದ ಕೈಯನ್ನು ಮೇಸ್ತ್ರಿ ಸಮೀವುಲ್ಲಾನ ಕೈಗೆ ಕೊಟ್ಟ.

ಒಂದು ತಿಂಗಳಾದ ಮೇಲೆ ಸಮೀವುಲ್ಲಾ ಪೆಟ್ಟಿಗೆ ತೆರೆದು ಓವೈಸನಿಗೆ ತಂದುಕೊಟ್ಟದ್ದು ನಾಲ್ಕು ಖಾಲಿ ಹಾಳೆ ಮತ್ತು ಬೀಡಿ ಕಟ್ಟಿನ ಒಂದು ಕಾಗದ. ತಂದುಕೊಡದೆ ಜೇಬಿಗಿಟ್ಟುಕೊಂಡದ್ದು ಎರಡು ಚೀಟಿ. ಒಂದರಲ್ಲಿ "ಕಕ್ಕಸಿಗೆ ಚಿಲಕ ಹಾಕಿಸಿ" ಎಂದಿತ್ತು. ಇನ್ನೊಂದರಲ್ಲಿ "ಮೇಸ್ತ್ರಿ ಬಾಯಿ ಸರಿಯಿಲ್ಲ" ಎಂದಿತ್ತು. ಸಮೀವುಲ್ಲಾ ಅದನ್ನು ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ಅಕ್ಷರ ಹೋಲಿಸಿದ. ಹದಿನೆಂಟರಲ್ಲಿ ಹತ್ತು ಮಂದಿ ಹೆಬ್ಬೆಟ್ಟಿನವರು. ಉಳಿದವರಲ್ಲಿ ಕನ್ನಡವನ್ನು ಅಷ್ಟು ದುಂಡಾಗಿ ಬರೆಯುವವಳು ಒಬ್ಬಳೇ, ಕೂಟಗಲ್‌ನ ಶ್ವೇತ. ಪಿಯುಸಿ ಓದಿ, ಮದುವೆಯಾಗಿ, ಎರಡು ಮಕ್ಕಳಾದ ಮೇಲೆ ಕೆಲಸಕ್ಕೆ ಬಂದವಳು. ಮರುದಿನ ಅವಳನ್ನು ಒಲೆಯ ಪಕ್ಕದ ಮೂಲೆ ಬೇಸಿನ್ನಿಗೆ ಹಾಕಿದ. ಆ ಮೂಲೆಯಲ್ಲಿ ಹೊಗೆ ನೇರ ಕಣ್ಣಿಗೇ ಬರುತ್ತದೆ.

ಮೂರು ದಿನ ಶ್ವೇತ ಕೆಮ್ಮಿದಳು. ನಾಲ್ಕನೆಯ ದಿನ ರೋಶನ್ ಬೀ ಕೈ ಒರೆಸಿಕೊಂಡು ಓವೈಸ್ ಕೂರುವ ಕೋಣೆಯ ಬಾಗಿಲಿಗೆ ಹೋಗಿ ನಿಂತಳು.

"ಪೆಟ್ಗೆ ಬೀಗದ್ ಕೈ ಯಾರತ್ರ ಐತೆ?"

"ಸಮೀವುಲ್ಲಾ ಭಾಯ್ ಹತ್ರ. ಯಾಕೆ ಖಾಲಾ?" ಚಿಕ್ಕಮ್ಮ ಎನ್ನುವ ಹಾಗೆ ಅವನು ಅವಳನ್ನು ಖಾಲಾ ಎನ್ನುತ್ತಿದ್ದ.

"ಮೇಸ್ತ್ರಿ ಬಗ್ಗೆ ಬರ್ದಿದ್ನ ಮೇಸ್ತ್ರಿನೇ ಓದ್ತಾನೆ. ನಿಂಗೆ ಖಾಲಿ ಹಾಳೆ ತಂದ್ ಕೊಡ್ತಾನೆ. ಬರ್ದೋಳು ಅಲ್ಲಿ ಹೊಗೆ ಕುಡೀತಾ ಅವ್ಳೆ. ಇನ್ಮೇಲೆ ನಿಂಗೆ ಯಾರ್ ಬರ್ದಾರು ಬೇಟಾ?"

ಓವೈಸನ ಮುಖ ಕೆಂಪಾಯಿತು. ಬೀಗದ ಕೈಯನ್ನೂ ಬಚ್ಚಿಟ್ಟ ಚೀಟಿಗಳನ್ನೂ ಮೇಸ್ತ್ರಿಯಿಂದ ವಾಪಸು ತೆಗೆದುಕೊಂಡ, ಶ್ವೇತಳನ್ನು ಹಳೆಯ ಜಾಗಕ್ಕೆ ಕಳಿಸಿದ, ಕಕ್ಕಸಿಗೆ ಚಿಲಕ ಹಾಕಿಸಿದ. ಆಮೇಲೆ ರೋಶನ್ ಬೀಯನ್ನೇ ಕೇಳಿದ. "ಖಾಲಾ, ನೂಲು ಇಷ್ಟೊಂದು ವೇಸ್ಟ್ ಹೋಗ್ತಿದೆ. ನೀವೇ ಹೇಳಿ, ಏನು ಮಾಡ್ಬೇಕು?"

"ನಂಗೇನ್ ಗೊತ್ತು? ಪೆಟ್ಗೆ ಮುಂದೆ ನಿಂತ್ರೆ ನಿಂಗೂ ಗೊತ್ತಾಗಲ್ಲ. ಬೇಸಿನ್ ಮುಂದೆ ನಿಂತ್ಕೊ."

ಹುಡುಗ ಮಾತು ಕೇಳಿದ. ನಾಲ್ಕು ದಿನ ಪ್ಯಾಂಟು ಮಡಚಿ, ಬೇಸಿನ್ ಮುಂದೆ ನಿಂತು, ಬಿಸಿನೀರಿಗೆ ಕೈ ಹಾಕಿದ. ಮೊದಲ ದಿನವೇ ಬೆರಳಿಗೆ ಬೊಬ್ಬೆ ಬಂತು. ಅವನ ಹತ್ತು ನೂಲುಗಳಲ್ಲಿ ಒಟ್ಟಿಗೆ ನಾಲ್ಕು ಓಡಿದ್ದೇ ಇಲ್ಲ. ಹೆಂಗಸರಿಗೆ ನಗು ತಡೆಯಲಾಗಲಿಲ್ಲ.

"ಏನ್ ಸಾಬ್, ನೂಲ್ ಬಿಚ್ತಿದೀರೋ, ಶಾವ್ಗೆ ಬೇಯಿಸ್ತಿದೀರೋ?" ಎಂದು ಶ್ವೇತ ಕೇಳಿದಳು.

"ಶಾವಿಗೆನೇ. ಊಟದ ಹೊತ್ಗೆ ಬಡಿಸ್ತೀನಿ, ಇರಿ" ಎಂದ ಓವೈಸ್.

ನಾಲ್ಕನೆಯ ದಿನ ಅವನಿಗೊಂದು ವಿಷಯ ಕಣ್ಣಿಗೆ ಬಿತ್ತು. ಒಂದೇ ನೀರು, ಒಂದೇ ಬೇಸಿನ್. ಆದರೆ ಒಂದು ಗೂಡಿನ ಎಳೆ ಸರಾಗವಾಗಿ ಬಿಚ್ಚಿಕೊಳ್ಳುತ್ತದೆ, ಅದರ ಪಕ್ಕದ್ದು ಮುದ್ದೆಮುದ್ದೆಯಾಗಿ ಬಂದು ನೂಲನ್ನು ಕಚ್ಚಿ ಹರಿಯುತ್ತದೆ, ಮೂರನೆಯದು ಕಲ್ಲಿನಂತೆ ಕೂತು ಎಳೆಯನ್ನೇ ಬಿಡುವುದಿಲ್ಲ. "ಇದು ಯಾಕೆ ಹಿಂಗೆ?" ಎಂದು ಜೋರಾಗಿಯೇ ಕೇಳಿದ. ಅಷ್ಟೂ ಹೆಂಗಸರ ಕಣ್ಣು ಒಮ್ಮೆ ರೋಶನ್ ಬೀ ಕಡೆ ಹೋಗಿ ವಾಪಸು ಬಂತು. ಉತ್ತರ ಎಲ್ಲಿದೆ ಎಂದು ಓವೈಸನಿಗೆ ಆಗ ತಿಳಿಯಿತು.

ಅದೇ ವಾರ ವಹಾಬ್ ಕೋಲೂರಿಕೊಂಡು ಬೇಸಿನ್ನುಗಳ ಬಳಿಗೆ ಬಂದ. ಕುರ್ಚಿ ಹಾಕಿಸಿಕೊಂಡು ಕೂತು, ಸುತ್ತಿಬಳಸದೆ ಹೇಳಿದ. ವೇಸ್ಟು ತೂಕ ಮಾಡಿ ಸಾಕಾಗಿದೆ. ಈ ಮಳೆಗಾಲದಲ್ಲಿ ಕಾರ್ಖಾನೆ ತಡೆಯುವುದಿಲ್ಲ. ಮಿಲಾದ್ ಹಬ್ಬ ಕಳೆದ ಮೇಲೆ ಆರು ಬೇಸಿನ್ ನಿಲ್ಲಿಸುತ್ತೇನೆ. ಕೊನೆಗೆ ಸೇರಿದ ಆರು ಜನ ಬೇರೆ ಕಡೆ ನೋಡಿಕೊಳ್ಳಬೇಕು.

ಆ ಆರರಲ್ಲಿ ಶ್ವೇತ ಇದ್ದಳು. ಗಂಡ ಬಿದ್ದು ಸೊಂಟ ಮುರಿದುಕೊಂಡಿದ್ದ ನಿಖಾತ್ ಇದ್ದಳು. ಹಬ್ಬಕ್ಕೆ ಇದ್ದದ್ದು ಮೂರು ವಾರ.

ರೋಶನ್ ಬೀಗೆ ಕಾಯಿಲೆ ಯಾವುದೆಂದು ಮೊದಲಿನಿಂದ ಗೊತ್ತಿತ್ತು. ವಹಾಬ್ ದಿನಾ ಬೆಳಿಗ್ಗೆ ಗೂಡಿನ ಮಾರುಕಟ್ಟೆಯಿಂದ ಮೂರು-ನಾಲ್ಕು ರೈತರ ಗೂಡಿನ ರಾಶಿ, ಅಂದರೆ ಲಾಟು ಕೊಂಡು ತರಿಸುತ್ತಿದ್ದ. ಎಲ್ಲವನ್ನೂ ನೆಲದ ಮೇಲೆ ಸುರಿದು, ಬಿಸ್ಮಿಲ್ಲಾ ಎಂದು, ಮರದ ಗೋರೆಯಿಂದ ತಾನೇ ಬೆರೆಸುತ್ತಿದ್ದ. ಬೆರೆಸಿದರೆ ನೂಲಿನ ಬಣ್ಣ ಒಂದೇ ಥರ ಬರುತ್ತದೆ ಎನ್ನುವುದು ಅವನಪ್ಪ ಹೇಳಿಕೊಟ್ಟ ಪಾಠ. ಮಂಡಿ ನೋವಿನಲ್ಲೂ ಆ ಗೋರೆಯನ್ನು ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ಗಾಳಿಯಾಡುವ ಮನೆಯಲ್ಲಿ ಹುಳು ಸಾಕಿದವನ ಗೂಡು ಗಟ್ಟಿ, ಹೆಚ್ಚು ಹೊತ್ತು ಬೇಯಬೇಕು. ಸೋರುವ ಸೂರಿನ ಕೆಳಗೆ ಸಾಕಿದವನ ಗೂಡು ಮೆತ್ತಗೆ, ಬೇಗ ಬೇಯುತ್ತದೆ. ಎರಡನ್ನೂ ಬೆರೆಸಿ ಒಂದೇ ಹಂಡೆಗೆ ಹಾಕಿದರೆ ಒಂದು ಕರಗುತ್ತದೆ, ಇನ್ನೊಂದು ಬೇಯುವುದೇ ಇಲ್ಲ. ಅಷ್ಟೇ ರೋಗ. ಬೆರೆಸುವುದನ್ನು ಬಿಡುವುದೇ ಮದ್ದು.

ಹೇಳಿದರೆ ವೇಸ್ಟು ಇಳಿಯುತ್ತದೆ, ಆರು ಬೇಸಿನ್ ಉಳಿಯಬಹುದು. ಹಾಗೆಯೇ ನೂಲು ಹರಿಯುವುದು ನಿಲ್ಲುತ್ತದೆ, ಕೆಲಸ ಸಲೀಸಾಗುತ್ತದೆ. ಕೆಲಸ ಸಲೀಸಾದರೆ ಮಾಲೀಕರಿಗೆ ಮೊದಲು ಕಾಣುವುದು ಹೆಚ್ಚುವರಿ ತಲೆ. ಅದನ್ನು ಅವಳು ಒಮ್ಮೆ ಕಣ್ಣಾರೆ ನೋಡಿದ್ದಳು.

ಎರಡು ದಿನ ಯೋಚಿಸಿದಳು. ಮೂರನೆಯ ದಿನ ಊಟದ ಹೊತ್ತಿನಲ್ಲಿ, ಎಲ್ಲರೂ ಡಬ್ಬಿ ಬಿಚ್ಚಿ ಕೂತಿದ್ದಾಗ ಓವೈಸನನ್ನು ಕರೆದಳು. ಅವರಿಬ್ಬರ ಮನೆಮಾತು ಉರ್ದು. ಆದರೂ ಎಲ್ಲರ ಕಿವಿಗೂ ಬೀಳಲಿ ಎಂದು ಕನ್ನಡದಲ್ಲೇ ಹೇಳಿದಳು.

"ವೇಸ್ಟು ಯಾಕೆ ಹೋಯ್ತದೆ ಅಂತ ನಾನ್ ಹೇಳ್ತೀನಿ. ಮೊದ್ಲು ನೀ ಒಂದ್ ಕಾಗ್ದ ಬರ್ಕೊಡು. ನಾನ್ ಹೇಳಿದ್ರಿಂದ ಕೆಲ್ಸ ಸಲೀಸಾತು ಅಂತ ಒಬ್ರುನ್ನೂ ಮನೆಗ್ ಕಳಿಸ್ಬಾರ್ದು. ನಾನಲ್ಲ, ಇಲ್ಲಿ ಯಾರ್ ಏನ್ ಹೇಳಿದ್ರೂ ಅಷ್ಟೆ."

"ನನ್ನ ಮಾತು ಸಾಲಲ್ವಾ ಖಾಲಾ?"

"ನಿನ್ ಮಾತು ಒಳ್ಳೇದೇ. ಕಾಗ್ದ ಅದಕ್ಕಿಂತ ಗಟ್ಟಿ ಇರ್ತದೆ, ಕೊಡು."

ಶ್ವೇತ ಹಾಜರಿ ಪುಸ್ತಕದಿಂದ ಒಂದು ಹಾಳೆ ಹರಿದು ಅನ್ನದ ಕೈಯನ್ನು ಒರೆಸಿಕೊಂಡೇ ಬರೆದಳು. ಮೂರು ಸಾಲು. ಓವೈಸ್ ಸಹಿ ಹಾಕಿದ. ಆಗ ಯಾರಿಗೂ ಹೊಳೆಯದ ಒಂದು ತಪ್ಪು ಅಲ್ಲೇ ಆಯಿತು. ಕಾರ್ಖಾನೆ ಇದ್ದದ್ದು ಓವೈಸನ ಹೆಸರಲ್ಲಲ್ಲ, ಅವನಪ್ಪನ ಹೆಸರಲ್ಲಿ.

ಕಾಗದವನ್ನು ಕುಪ್ಪಸದೊಳಗೆ ಸೇರಿಸಿ ರೋಶನ್ ಬೀ ಬಾಯಿ ಬಿಟ್ಟಳು. ಗೂಡು ಬೆರೆಸಬೇಡಿ. ಒಬ್ಬ ರೈತನದು ಒಂದು ಹಂಡೆ. ಗಟ್ಟಿ ಗೂಡು ಎಷ್ಟು ಹೊತ್ತು, ಮೆತ್ತನೆಯದು ಎಷ್ಟು ಹೊತ್ತು ಎನ್ನುವುದನ್ನು ಬೇರೆ ಬೇರೆ ನೋಡಿ.

ವಹಾಬನಿಗೆ ಸುದ್ದಿ ಮುಟ್ಟಿದಾಗ ಅವನು ಕೂಗಾಡಲಿಲ್ಲ. ಗೋರೆಯ ಮೇಲೆ ಕೈಯೂರಿ ನಿಂತು ಕೇಳಿದ. "ನಮ್ಮಪ್ಪನ ಕಾಲ್ದಿಂದ ಬೆರೆಸ್ತಿದೀವಿ. ಐವತ್ತು ವರ್ಷ ನಾವೇನ್ ಕಣ್ ಮುಚ್ಕೊಂಡ್ ಕೂತಿದ್ವಾ ರೋಶನ್ ಬೀ?"

"ಆಗ ನಾಲ್ಕು ಮನೆ ಗೂಡು ಬತ್ತಿತ್ತು ಸಾಬ್, ಎಲ್ರುದೂ ಒಂದೇ ಥರ. ಈಗ ಮಾರ್ಕೆಟ್ಗೆ ಎಲ್ಲೆಲ್ಲಿಂದ್ಲೋ ಬತ್ತದೆ. ಒಂದ್ ದಿನ ನೋಡಿ. ಸರಿ ಬರ್ನಿಲ್ಲ ಅಂದ್ರೆ ಗೋರೆ ನಿಮ್ ಕೈಲೇ ಐತಲ್ಲ."

"ಒಂದೇ ದಿನ" ಎಂದ ವಹಾಬ್.

ಆ ದಿನ ಎಲ್ಲ ಕೆಟ್ಟುಹೋಯಿತು. ಮೂರು ಲಾಟನ್ನು ಬೇರೆ ಬೇರೆ ಬೇಯಿಸಿದರು. ಸಂಜೆ ವೇಸ್ಟು ತೂಗಿದರೆ ಮುಂಚಿಗಿಂತ ಜಾಸ್ತಿ. ಸಮೀವುಲ್ಲಾ ತಕ್ಕಡಿಯ ಪಕ್ಕ ನಿಂತು, "ಇಪ್ಪತ್ತೊಂಬತ್ತು ವರ್ಷದ ಬುದ್ಧಿ ನೋಡ್ರಮ್ಮಾ, ತೂಕ ಬಾಳ ಐತೆ" ಎಂದ. ವಹಾಬ್ ಗೋರೆ ಎತ್ತಿಕೊಂಡ.

ರೋಶನ್ ಬೀ ತಕ್ಕಡಿಯಲ್ಲಿದ್ದ ವೇಸ್ಟನ್ನು ಕೈಯಲ್ಲಿ ಹಿಡಿದು ನೋಡಿದಳು. ಮೆತ್ತನೆ ಗೂಡು ಪೂರ್ತಿ ಕರಗಿತ್ತು. ಗಟ್ಟಿ ಗೂಡು ಅರೆಬೆಂದಿತ್ತು. ಅವಳು ಸೀದಾ ಹಂಡೆಯ ಬಳಿಗೆ ಹೋದಳು. ಅಲ್ಲಿ ಗೂಡು ಬೇಯಿಸುವ ಬೋರಲಿಂಗಯ್ಯ ಬೀಡಿ ಹಚ್ಚುತ್ತಿದ್ದ. ಶ್ವೇತಳ ಊರಿನವನೇ, ಅರವತ್ತು ದಾಟಿದವನು, ಹಂಡೆಯ ಮುಂದೆಯೇ ಮೀಸೆ ನರೆತವನು.

"ಬೋರಣ್ಣ, ಮೂರು ಹಂಡೇನೂ ಎಷ್ಟೆಷ್ಟು ಹೊತ್ತು ಬೇಯ್ಸಿದ್ರಿ?"

"ಯಾವಾಗ್ಲೂ ಬೇಯ್ಸೋ ಅಷ್ಟೆ. ನಂಗೇನ್ ಗಡಿಯಾರ ಬೇಕಾ ಬೀಬಮ್ಮ? ಮೈಯಾಗೇ ಗೊತ್ತಾಯ್ತದೆ."

"ಮೂರಕ್ಕೂ ಒಂದೇ ಹೊತ್ತಾ?"

ಬೋರಲಿಂಗಯ್ಯ ಬೀಡಿಯನ್ನು ಬಾಯಿಂದ ತೆಗೆದ. ಬೇರೆ ಬೇರೆ ಹಂಡೆಗೆ ಹಾಕು ಎಂದು ಮೇಸ್ತ್ರಿ ಹೇಳಿದ್ದ. ಬೇರೆ ಬೇರೆ ಹೊತ್ತು ಬೇಯಿಸು ಎಂದು ಯಾರೂ ಹೇಳಿರಲಿಲ್ಲ. ಮೂವತ್ತು ವರ್ಷದಿಂದ ಅವನ ಮೈಗೆ ಗೊತ್ತಿದ್ದದ್ದು ಬೆರಕೆ ಗೂಡಿನ ಹೊತ್ತು ಒಂದೇ. ಮೈ ಅದನ್ನೇ ಮಾಡಿತ್ತು.

"ಮಾವ, ಹಿಂಗ್ ಮಾಡ್ಬುಟ್ರಲ್ಲ. ಆರು ಜನದ ಕೆಲ್ಸ ಹೋಯ್ತದೆ, ಗೊತ್ತೈತಾ?" ಎಂದಳು ಶ್ವೇತ.

"ನಂಗ್ಯಾರ್ ಹೇಳುದ್ರು? ಐಡಿಯ ಅಂತ ನೀವ್ ನೀವೇ ಮಾತಾಡ್ಕೊಂಡ್ರಿ. ಬೇಯ್ಸೋನ್ನ ಒಂದ್ ಮಾತ್ ಕೇಳುದ್ರಾ?" ಬೋರಲಿಂಗಯ್ಯನ ದನಿ ಏರಿತು. "ನನ್ನೇನ್ ಸೌದೆ ಅನ್ಕಂಡಿದೀರಾ?"

ಅವನು ಹೇಳಿದ್ದು ಸರಿ. ರೋಶನ್ ಬೀ ಒಪ್ಪಿಕೊಂಡಳು. ಹನ್ನೊಂದು ವರ್ಷ ತಿಳಿದದ್ದನ್ನು ಒಳಗೇ ಇಟ್ಟುಕೊಂಡು ಕುದಿದವಳು, ತನ್ನ ಸರದಿ ಬಂದಾಗ ಹಂಡೆಯ ಮುಂದೆ ನಿಂತವನನ್ನು ಕೇಳದೆ ಬಿಟ್ಟಿದ್ದಳು. "ತಪ್ಪಾತು ಬೋರಣ್ಣ" ಎಂದಳು. "ಗೂಡು ನಂಗೊತ್ತು, ಬೆಂಕಿ ನಿಮಗ್ಗೊತ್ತು. ನಾಳೆ ಒಂದ್ ದಿನ ಜೊತೇಲಿ ನಿಂತ್ಕೊಳ್ಳಾನ."

ಇನ್ನೊಂದು ದಿನಕ್ಕೆ ವಹಾಬನನ್ನು ಒಪ್ಪಿಸಲು ಓವೈಸ್ ಹೋದ. ಅಪ್ಪ-ಮಗನ ನಡುವೆ ಏನು ನಡೆಯಿತೋ, ಬೆಳಿಗ್ಗೆ ಗೋರೆ ಗೋಡೆಗೆ ಒರಗಿತ್ತು. ರೋಶನ್ ಬೀ ಮತ್ತು ಬೋರಲಿಂಗಯ್ಯ ಹಂಡೆಯ ಎರಡು ಪಕ್ಕ ನಿಂತರು. ಅವಳು ಗೂಡನ್ನು ಬೆರಳಲ್ಲಿ ಒತ್ತುತ್ತಿದ್ದಳು. "ಇನ್ನೊಸಿ" ಎನ್ನುತ್ತಿದ್ದಳು. ಅವನು ಬೆಂಕಿ ಎಳೆಯುತ್ತಿದ್ದ, ತಳ್ಳುತ್ತಿದ್ದ. "ಈಗ ತಗೀರಿ" ಎಂದರೆ, "ತಡಿಯಮ್ಮ, ತಗುದ್ ಮೇಲೂ ಹಂಡೆ ಬಿಸೀಗೆ ಬೇಯ್ತಾ ಇರ್ತದೆ. ಅದ್ಕೆ ಒಸಿ ಮುಂಚೇನೇ ತಗೀಬೇಕು" ಎಂದ ಅವನು. ಅದು ಅವಳಿಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಬೋರಲಿಂಗಯ್ಯನೇ ಓವೈಸನನ್ನು ಕರೆದು, "ಒಂದ್ ಗೋಡೆ ಗಡಿಯಾರ ತಂದ್ ಹಾಕ್ಸಿ ಸಾಮಿ" ಎಂದ.

ಆ ಸಂಜೆ ತಕ್ಕಡಿ ನೋಡಲು ಎಲ್ಲರೂ ನೆರೆದರು. ವೇಸ್ಟು ಮೊದಲಿದ್ದದ್ದರ ಮುಕ್ಕಾಲಿಗೆ ಇಳಿದಿತ್ತು. ಒಂದು ವಾರದಲ್ಲಿ ಅರ್ಧಕ್ಕೆ ಬಂತು. ನೂಲು ಹರಿಯುವುದು ಎಷ್ಟು ಕಡಿಮೆಯಾಯಿತೆಂದರೆ ಹೆಂಗಸರು ಕೆಲಸದ ನಡುವೆ ತಲೆ ಎತ್ತಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡಿದರು. ಸೂರಿನಲ್ಲಿ ಗುಬ್ಬಿ ಗೂಡು ಕಟ್ಟಿದ್ದು ಆಗ ಕಣ್ಣಿಗೆ ಬಿತ್ತು ಎಂದು ಶ್ವೇತ ಹೇಳುತ್ತಾಳೆ.

ತಲೆ ಎತ್ತಿದ್ದನ್ನು ಸಮೀವುಲ್ಲಾನೂ ನೋಡಿದ. ವಹಾಬನ ಕುರ್ಚಿಯ ಬಳಿ ಬಗ್ಗಿ ಹೇಳಿದ. "ಸಾಬ್, ಈಗ ಮೂರು ಬೇಸಿನ್ಗೆ ಇಬ್ರು ಸಾಕು. ಸುಮ್ನೆ ನಿಂತ್ಕೊಂಡ್ ಹರಟೆ ಹೊಡೀತಾವ್ರೆ." ವಹಾಬ್ ಬೆರಳು ಮಡಿಸಿ ಲೆಕ್ಕ ಹಾಕಿದ. ಹದಿನೆಂಟು ಬೇಸಿನ್ನಿಗೆ ಹನ್ನೆರಡು ಮಂದಿ. ಮತ್ತೆ ಅದೇ ಆರು ಜನ. ವೇಸ್ಟು ಹೆಚ್ಚಿದರೂ ಹೊರಗೆ, ವೇಸ್ಟು ಇಳಿದರೂ ಹೊರಗೆ.

ಮಿಲಾದಿಗೆ ನಾಲ್ಕು ದಿನ ಇದ್ದಾಗ ಅವನು ಬಂದು ಅದನ್ನೇ ಹೇಳಿದ. ರೋಶನ್ ಬೀ ಬೇಸಿನ್ನಿನಿಂದ ಕೈ ತೆಗೆದು, ಕಾಗದ ತೆಗೆದು, ಬಿಡಿಸಿ ತೋರಿಸಿದಳು.

ವಹಾಬ್ ಕನ್ನಡಕ ಹಾಕಿ ಓದಿದ. "ಇದು ಓವೈಸ್ ಸಹಿ. ಕಾರ್ಖಾನೆ ನಂದು."

ಓವೈಸ್ ಮುಂದೆ ಬಂದು, "ಅಬ್ಬಾ, ನಾನು ಮಾತು ಕೊಟ್ಟಿದೀನಿ" ಎಂದ. "ನೀನು ಕೊಟ್ಟಿದೀಯ, ನಾನಲ್ಲ" ಎಂದ ವಹಾಬ್.

ಆಗ ಮೂಲೆಯ ಬೇಸಿನ್ನಿನಿಂದ ನಿಖಾತ್ ಕೈ ತೆಗೆದಳು. ಸೆರಗಿಗೆ ಒರೆಸಿಕೊಂಡು ಕಟ್ಟಿ ನಿಂತಳು. ಅವಳ ಪಕ್ಕದವಳು ತೆಗೆದಳು. ಶ್ವೇತ ತೆಗೆದಳು. ಯಾರೂ ಯಾರಿಗೂ ಹೇಳಿರಲಿಲ್ಲ. ಒಂದು ನಿಮಿಷದಲ್ಲಿ ಮೂವತ್ತಾರು ಕೈ ನೀರಿನಿಂದ ಹೊರಗಿದ್ದವು. ಘೋಷಣೆ ಇಲ್ಲ, ಕೂಗಿಲ್ಲ. ನೂಲು ಸುತ್ತುವ ಮೋಟಾರಿನ ರಾಟೆಗಳು ತಿರುಗುತ್ತಲೇ ಇದ್ದವು. ಗೂಡು ಸೇರಿಸುವವರಿಲ್ಲದೆ ನೂಲು ಒಂದೊಂದಾಗಿ ಸಣ್ಣಗಾಗಿ ಹರಿಯತೊಡಗಿತು. ಬೋರಲಿಂಗಯ್ಯ ಹಂಡೆಯ ಕೆಳಗಿನ ಸೌದೆಯನ್ನು ಹೊರಗೆಳೆದು ನೀರು ಹೊಯ್ದ. ಹೊಗೆ ಬುಸ್ಸೆಂದು ಎದ್ದಿತು.

"ಕೈ ಹಾಕ್ರಮ್ಮಾ, ಮಾಲು ಕೆಡ್ತದೆ" ಎಂದು ಸಮೀವುಲ್ಲಾ ಒಂದು ಬೇಸಿನ್ನಿನಿಂದ ಇನ್ನೊಂದಕ್ಕೆ ಓಡಾಡಿದ. "ನೀವೇ ಹಾಕಿ ಭಾಯ್. ಮೂರಕ್ಕೆ ಇಬ್ರು ಸಾಕಂತಲ್ಲ" ಎಂದಳು ನಿಖಾತ್.

ರೋಶನ್ ಬೀ ಒಂದು ಬಕೆಟ್ ಬೋರಲು ಹಾಕಿ ವಹಾಬನ ಎದುರು ಕೂತಳು. ಅವಳ ಮಾತಿನಲ್ಲಿ ಬೇಡಿಕೊಳ್ಳುವುದೂ ಇರಲಿಲ್ಲ, ಬೆದರಿಕೆಯೂ ಇರಲಿಲ್ಲ.

"ಸಾಬ್, ಲಾಟು ಬೇರೆ ಬೇರೆ ಇಡಕ್ಕೆ, ಗಟ್ಟಿ-ಮೆತ್ಗೆ ವಿಂಗಡಿಸಕ್ಕೆ ದಿನಾ ಇಬ್ರು ಬೇಕು. ಈಗ ಅದ್ನ ಊಟದ ಹೊತ್ನಲ್ಲಿ ನಾವೇ ಮಾಡ್ತಿದೀವಿ, ನಿಮ್ಗೆ ಕಂಡಿಲ್ಲ. ಹದಿನಾರು ಜನ ಬೇಸಿನ್ಗೆ, ಇಬ್ರು ವಿಂಗಡಣೆಗೆ. ಸರದಿ ಪ್ರಕಾರ. ಇನ್ನೊಂದ್ ಮಾತು. ನನ್ ತಲೇಲಿ ಇದ್ದಿದ್ದು ಇದೊಂದೇ ಅಲ್ಲ. ಇಲ್ಲಿ ಒಬ್ಬೊಬ್ಳ ತಲೇಲೂ ಐತೆ. ಇವತ್ತು ಆರು ಜನ್ರುನ್ನ ಕಳಿಸಿದ್ರೆ ಉಳಿದ್ ಹನ್ನೆರಡು ಜನ ನಾಳೆಯಿಂದ ನನ್ ಥರಾನೇ ಮಾತಾಡ್ತಾರೆ. ನಂಗೇನ್ ಗೊತ್ತು ಸಾಬ್, ನಾನ್ ಓದಿದೋಳಾ ಅಂತ. ನಾನ್ ಹನ್ನೊಂದ್ ವರ್ಷ ಹಂಗೇ ಇದ್ದೆ. ನಿಮ್ ಗೂಡು ಹನ್ನೊಂದ್ ವರ್ಷ ಕರಗಿ ನೀರಾತು."

ವಹಾಬ್ ಕೋಲಿನ ತುದಿಯಿಂದ ನೆಲ ಕೆರೆದ. "ಹನ್ನೊಂದು ವರ್ಷದಿಂದ ಗೊತ್ತಿತ್ತಾ?" ಎಂದು ಕೇಳಿದ. ಗೊತ್ತಿತ್ತು ಎಂದಳು. ಅವನಿಗೆ ಸಿಟ್ಟು ಬಂತು. ಆ ಸಿಟ್ಟು ಯಾರ ಮೇಲೆ ಎನ್ನುವುದು ಅವನಿಗೇ ಸ್ಪಷ್ಟವಿದ್ದ ಹಾಗೆ ಕಾಣಲಿಲ್ಲ. ಕೊನೆಗೆ ಪೆನ್ನು ಕೇಳಿದ. ಮಗನ ಸಹಿಯ ಕೆಳಗೆ ಉರ್ದುವಿನಲ್ಲಿ ಸಹಿ ಹಾಕಿದ. ತಾರೀಖೂ ಬರೆದ. ರೋಶನ್ ಬೀ ಕಾಗದವನ್ನು ಶ್ವೇತಳಿಗೆ ಕೊಟ್ಟು, ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿಸಿದಳು. ಆಮೇಲೆ ಕೈಗಳು ನೀರಿಗೆ ವಾಪಸಾದವು. ಅವತ್ತು ಹಾಳಾದ ನೂಲನ್ನು ವಹಾಬ್ ತೂಗಿಸಲಿಲ್ಲ.

ಮಿಲಾದ್ ಕಳೆಯಿತು. ಮರುದಿನ ಹದಿನೆಂಟು ಮಂದಿಯೂ ಕೆಲಸಕ್ಕೆ ಬಂದರು.

ಅದರಿಂದ ಎಲ್ಲವೂ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ನೀರು ಈಗಲೂ ಅಷ್ಟೇ ಬಿಸಿ, ಸಂಬಳ ಈಗಲೂ ಕಡಿಮೆ, ಅದರ ಜಗಳ ಬೇರೆ ನಡೆಯುತ್ತಿದೆ. ಸಮೀವುಲ್ಲಾನ ಬಾಯಿ ಪೂರ್ತಿ ಸರಿಹೋಗಿಲ್ಲ. ಆದರೆ ಶುಕ್ರವಾರ ಮಧ್ಯಾಹ್ನ ನಮಾಜಿಗೆ ಹೋದವರು ಬಂದ ಮೇಲೆ ಅರ್ಧ ಗಂಟೆ ಎಲ್ಲರೂ ವಿಂಗಡಣೆ ಮಾಡುವ ಜಾಗದಲ್ಲಿ ಕೂರುತ್ತಾರೆ. ಹಳದಿ ಪೆಟ್ಟಿಗೆಯಲ್ಲಿ ಈಗ ಬೋರಲಿಂಗಯ್ಯನ ಬೀಡಿ, ಬೆಂಕಿಪೊಟ್ಟಣ ಇರುತ್ತವೆ. ಯಾರು ಬೇಕಾದರೂ ಬಾಯಲ್ಲೇ ಹೇಳಬಹುದು. ಆಗಲ್ಲ ಎನ್ನುವವರು ಯಾಕೆ ಆಗಲ್ಲ ಎಂದು ಮುಖಕ್ಕೆ ಹೇಳಬೇಕು. ಕಾರಣ ಸಿಗದಿದ್ದರೆ ಮೂರು ದಿನ ಮಾಡಿ ನೋಡಬೇಕು. ಮಾಡುವ ಮುಂಚೆ ಆ ಕೆಲಸಕ್ಕೆ ಕೈ ಹಾಕುವವರನ್ನೇ ಮೊದಲು ಕೇಳಬೇಕು. ಈ ಕೊನೆಯದನ್ನು ಸೇರಿಸಿದ್ದು ಬೋರಲಿಂಗಯ್ಯ.

ಬಂದ ಮಾತುಗಳಲ್ಲಿ ಅರ್ಧ ಕೆಲಸಕ್ಕೆ ಬಾರದವು. ನೀರಿಗೆ ಲಿಂಬೆಹುಳಿ ಹಿಂಡಿದರೆ ನೂಲಿಗೆ ಹೊಳಪು ಬರುತ್ತದೆ ಎಂದು ಒಬ್ಬಳು ಹೇಳಿ, ಮೂರು ದಿನ ಹಿಂಡಿ, ಹೊಳಪು ಬಂದದ್ದು ಅವಳ ಉಂಗುರಕ್ಕೆ ಮಾತ್ರ. ರೋಶನ್ ಬೀ ಹೇಳಿದ ಇನ್ನೊಂದೂ ಬಿದ್ದುಹೋಯಿತು. ಬೀಳಿಸಿದವಳು ಶ್ವೇತ, ಕಾರಣ ಕೊಟ್ಟೇ.

ಚಳಿಗಾಲದ ಒಂದು ಶುಕ್ರವಾರ ಶ್ವೇತ ಇನ್ನೊಂದು ವಿಷಯ ತೆಗೆದಳು. ನೂಲು ಬಿಚ್ಚಿ ಉಳಿದ ಹುಳುಗಳನ್ನು ಮಂಕರಿಯಲ್ಲಿ ತುಂಬಿ ಹಿತ್ತಲ ಶೆಡ್ಡಿಗೆ ಹೊರಬೇಕು. ದಿನವಿಡೀ ಅದೇ ಕೆಲಸ. ಅದಕ್ಕೇ ಒಬ್ಬರು ಬೇಕೆಂದು, ತಿಂಗಳ ಹಿಂದೆ ನಿಖಾತ್‌ಳನ್ನು ಬೇಸಿನ್ನಿನಿಂದ ಬಿಡಿಸಿ ಆ ಕೆಲಸಕ್ಕೆ ಹಾಕಿದ್ದರು. ಹಳೆಯ ಗಾಡಿಯ ಎರಡು ಚಕ್ರ ತಮ್ಮ ಮನೆಯಲ್ಲಿ ಬಿದ್ದಿವೆ, ಅದರ ಮೇಲೊಂದು ತಗಡಿನ ತೊಟ್ಟಿ ಕೂರಿಸಿದರೆ ದಿನದ ಕೆಲಸ ಎರಡು ಗಂಟೆಯಲ್ಲಿ ಮುಗಿಯುತ್ತದೆ ಎಂದಳು ಶ್ವೇತ. ಹೇಳಿ ಮುಗಿಸಿದವಳೇ ನಾಲಿಗೆ ಕಚ್ಚಿಕೊಂಡಳು. ದಿನದ ಕೆಲಸ ಎರಡು ಗಂಟೆಗೆ ಇಳಿದರೆ ಆ ಕೆಲಸದವಳ ಗತಿ ಏನೆಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ನಿಖಾತ್ ಕಡೆ ತಿರುಗಿದರು. ರೋಶನ್ ಬೀ ಕೈ ಕುಪ್ಪಸದೊಳಗಿನ ಕಾಗದಕ್ಕೆ ಹೋಯಿತು.

ನಿಖಾತ್ ಮಾತ್ರ ಯಾವ ಗಾಬರಿಯೂ ಇಲ್ಲದೆ ಕೇಳಿದಳು.

"ಚಕ್ರ ಯಾವಾಗ ತತ್ತೀಯ? ಎರಡು ಚಕ್ರ ಆದ್ರೆ ಗಾಡಿ ವಾಲಾಡ್ತದೆ ಕಣೆ. ಮೂರನೇದ್ನ ನಾನ್ ತತ್ತೀನಿ, ನಮ್ ಮನೇಲಿ ಮಗೂದು ಒಂದ್ ಹಳೇ ಸೈಕಲ್ ಐತೆ."